ಭಾರವಾಹನಗಳಲ್ಲಿ ಗೇರುಪೆಟ್ಟಿಗೆಯ ಜಾರಿಕೆ ಮತ್ತು ಅದರ ನಿದಾನ: ದಕ್ಷಿಣ ಬೆಂಗಳೂರಿನ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಅರಸರ ವಂಶಾವಳಿ, ಶಾಸನಗಳ ಪಾಠ, ರಾಜ್ಯಗಳ ಏಳುಬೀಳು ಇವಿಷ್ಟೇ ಚರಿತ್ರೆಯ ವಿಷಯವೆಂದು ಭಾವಿಸುತ್ತಿದ್ದ ಕಾಲ ಹಿಂದೆ ಸರಿದಿದೆ. ಒಂದು ನಗರದ ಜನ ಉಣ್ಣುವ ಅಕ್ಕಿ, ಅವರ ಮನೆಗೆ ಬೇಕಾದ ಕಲ್ಲು, ಮರಳು, ಕಬ್ಬಿಣ ಇವು ಯಾವ ಬಲದಿಂದ, ಯಾವ ದಾರಿಯಲ್ಲಿ, ಯಾರ ಶ್ರಮದಿಂದ ಬಂದವು ಎಂಬುದೂ ಚರಿತ್ರೆಯೇ ಆಗಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ ಎಂದು ಇಂದು ಕರೆಯಿಸಿಕೊಳ್ಳುವ ದಕ್ಷಿಣ ಬೆಂಗಳೂರಿನ ಭಾಗಗಳು ಹೊಲ, ಕೆರೆ, ತೋಪುಗಳಿದ್ದ ನೆಲದ ಮೇಲೆ ಹತ್ತಾರು ವರ್ಷಗಳಲ್ಲಿ ಎದ್ದು ನಿಂತವು. ಅವನ್ನು ಕಟ್ಟಿದ ಸಾಮಗ್ರಿಯಲ್ಲಿ ಬಹುಪಾಲು ಡೀಸೆಲ್ ಲಾರಿಗಳ ಬೆನ್ನಮೇಲೆ ಬಂದಿತು. ಹೀಗಿದ್ದರೂ ಆ ಲಾರಿಗಳ ಬಗ್ಗೆ, ಅವು ಕೆಟ್ಟು ನಿಂತಾಗ ಅವುಗಳ ರೋಗವನ್ನು ಗುರುತಿಸುತ್ತಿದ್ದವರ ಬಗ್ಗೆ ನಮ್ಮ ಚರಿತ್ರೆಯ ಪುಸ್ತಕಗಳು ಮೌನವಾಗಿವೆ.

ಈ ಲೇಖನದಲ್ಲಿ ಒಂದು ಚಿಕ್ಕ ದೋಷವನ್ನು ಮಾತ್ರ ಆರಿಸಿಕೊಳ್ಳಲಾಗಿದೆ. ಎಂಜಿನು ಭರದಿಂದ ತಿರುಗುತ್ತದೆ. ಆದರೆ ಗಾಡಿ ಅದಕ್ಕೆ ತಕ್ಕಂತೆ ಮುಂದೆ ಹೋಗುವುದಿಲ್ಲ. ಚಾಲಕರ ಮಾತಿನಲ್ಲಿ ಹೇಳುವುದಾದರೆ, “ರೇಸ್ ಕೊಟ್ಟರೂ ಗಾಡಿ ಎಳೆಯುವುದಿಲ್ಲ.” ಎಂಜಿನಿನಿಂದ ಗಾಲಿಯವರೆಗೆ ಬಲ ಸಾಗುವ ಹಾದಿಯಲ್ಲಿ ಎಲ್ಲಿಯೋ ಒಂದು ಕಡೆ ಹಿಡಿತ ತಪ್ಪಿ, ಎರಡು ಮೈಗಳು ಒಂದರ ಮೇಲೊಂದು ಜಾರುತ್ತಿವೆ ಎಂಬುದೇ ಇದರ ಅರ್ಥ. ಇದನ್ನು ಇಲ್ಲಿ ‘ಜಾರಿಕೆ’ ಎಂದು ಕರೆದಿದೆ. ಕಾಲಿನಿಂದ ತುಳಿಯುವ ಕ್ಲಚ್ಚಿನಲ್ಲಿಯೂ ಜಾರಿಕೆಯುಂಟು. ತಾನಾಗಿ ಬದಲಾಗುವ ಗೇರುಪೆಟ್ಟಿಗೆಯಲ್ಲಿಯೂ ಉಂಟು. ಮೊದಲನೆಯದರಿಂದ ಎರಡನೆಯದಕ್ಕೆ ಬಂದಾಗ ಯಂತ್ರವೊಂದೇ ಬದಲಾಗಲಿಲ್ಲ. ದೋಷಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯೂ, ದೋಷವನ್ನು ತಿಳಿಯುವ ಅಧಿಕಾರ ಯಾರದು ಎಂಬ ಪ್ರಶ್ನೆಯೂ ಬದಲಾದವು. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

‘ನಿದಾನ’ ಎಂಬ ಮಾತನ್ನು ವೈದ್ಯಶಾಸ್ತ್ರದ ಅರ್ಥದಲ್ಲಿ ಬಳಸಿದೆ. ‘ಮೆಲ್ಲಗೆ’ ಎಂಬರ್ಥದ ‘ನಿಧಾನ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಎರಡನೆಯದಿಲ್ಲದೆ ಮೊದಲನೆಯದು ಸಾಧ್ಯವಿಲ್ಲವೆಂಬುದು ಮುಂದೆ ಕಂಡುಬರುವುದು.

೨. ಎತ್ತಿನಿಂದ ಡೀಸೆಲ್ ಎಂಜಿನಿಗೆ

ಮೈಸೂರು ಸೀಮೆಯಲ್ಲಿ ಭಾರ ಎಳೆಯುವುದು ಬಹುಕಾಲದಿಂದ ರಾಜ್ಯಾಡಳಿತದ ವಿಷಯವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ಇದ್ದ ದನಗಳ ಇಲಾಖೆಯನ್ನು ಹೈದರ್ ಅಲಿಯು ಸೈನ್ಯದ ಸಾಗಣೆಗೆ ಬಳಸಿಕೊಂಡನು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಪರಿಸ್ಥಿತಿ ಹೆಚ್ಚು ಭಿನ್ನವಾಗಿರಲಿಲ್ಲ. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಕೇಂದ್ರಕ್ಕೆ ಬೇಕಾದ ಭಾರಿ ಯಂತ್ರಗಳು ರೈಲು ನಿಲ್ದಾಣದಿಂದ ಮುಂದಕ್ಕೆ ಎತ್ತು, ಆನೆಗಳ ಬಲದಿಂದಲೇ ಸಾಗಿದವು. ಹೊಸ ಶಕ್ತಿಯನ್ನು ಹಳೆಯ ಶಕ್ತಿಯೇ ಹೊತ್ತು ತಂದಿತು.

ಎತ್ತು ಏರಿನಲ್ಲಿ ಸೋತರೆ ಗಾಡಿಯವನಿಗೆ ಕಾರಣ ಕಣ್ಣಿಗೆ ಕಾಣುತ್ತಿತ್ತು. ಲಾಳ ಸವೆದಿದೆಯೋ, ಹೆಗಲು ಹುಣ್ಣಾಗಿದೆಯೋ, ಅಚ್ಚಿಗೆ ಎಣ್ಣೆ ಇಲ್ಲವೋ, ಭಾರ ಹೆಚ್ಚಾಯಿತೋ ಎಂದು ಅವನು ಒಂದೊಂದಾಗಿ ನೋಡಬಲ್ಲವನಾಗಿದ್ದನು. ಎಂಜಿನು ಬಂದ ಮೇಲೆ ಬಲದ ಮೂಲವೂ ಗಾಲಿಯೂ ಬೇರೆಬೇರೆಯಾದವು. ಇವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ ಬಂದು ಕುಳಿತಿತು.

ದಕ್ಷಿಣ ಬೆಂಗಳೂರಿನ ಬೆಳವಣಿಗೆಯೂ ಡೀಸೆಲ್ ವಾಹನದ ಪ್ರಸಾರವೂ ಜೊತೆಜೊತೆಯಾಗಿ ನಡೆದುದು ಗಮನಾರ್ಹ. ಜಯನಗರದ ಶಂಕುಸ್ಥಾಪನೆಯಾದದ್ದು ೧೯೪೮ರಲ್ಲಿ. ಅದೇ ವರ್ಷದ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಕೆಲಸ ಆರಂಭಿಸಿತು. ೧೯೪೦ರಿಂದ ನಗರದಲ್ಲಿ ಬಸ್ಸುಗಳನ್ನು ಓಡಿಸುತ್ತಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯನ್ನು ೧೯೫೬ರಲ್ಲಿ ಸರ್ಕಾರವು ವಹಿಸಿಕೊಂಡಿತು. ೧೯೬೧ರ ಆಗಸ್ಟ್ ೧ರಂದು ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಜನ್ಮ ತಾಳಿತು. ೧೯೯೭ರಲ್ಲಿ ಬೆಂಗಳೂರಿನ ನಗರಸಾರಿಗೆಗೆ ಪ್ರತ್ಯೇಕ ಸಂಸ್ಥೆಯಾಯಿತು.

ವಾಹನಗಳ ತಯಾರಿಕೆಯಲ್ಲಿಯೂ ಇದೇ ದಶಕ ನಿರ್ಣಾಯಕವಾದುದು. ೧೯೫೪ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಜಮ್‌ಷೆಡ್‌ಪುರದಲ್ಲಿ ಡೀಸೆಲ್ ಲಾರಿಗಳ ತಯಾರಿಕೆಗೆ ತೊಡಗಿತು. ಮದರಾಸಿನ ಅಶೋಕ್ ಮೋಟಾರ್ಸ್ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಈ ಎಂಜಿನುಗಳ ಜೀವಾಳವಾದ ಇಂಧನ ಪಂಪಿನ ವಿಷಯದಲ್ಲಿ ದಕ್ಷಿಣ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ೧೯೫೧ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನಬಳಕೆಯ ‘ಮೈಕೋ’, ೧೯೫೩ರಲ್ಲಿ ಆಡುಗೋಡಿಯಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ೨೦೦೮ರಲ್ಲಿ ಸಂಸ್ಥೆಯ ಹೆಸರು ಬಾಷ್ ಎಂದಾದರೂ ಬಿ.ಟಿ.ಎಂ. ಬಡಾವಣೆಯ ಒಂದು ಭಾಗಕ್ಕೆ ಮೈಕೋ ಬಡಾವಣೆ ಎಂಬ ಹೆಸರು ಉಳಿದುಕೊಂಡಿದೆ. ಲಾರಿಗಳ ಕಚೇರಿಗಳಿದ್ದ ಕಲಾಸಿಪಾಳ್ಯ, ಬಿಡಿಭಾಗಗಳ ಅಂಗಡಿಗಳಿದ್ದ ಜಯಚಾಮರಾಜ ರಸ್ತೆ, ಪಂಪು ತಯಾರಾಗುತ್ತಿದ್ದ ಆಡುಗೋಡಿ ಇವೆಲ್ಲ ಹತ್ತಿರಹತ್ತಿರದಲ್ಲಿಯೇ ಇದ್ದವು. ಇಂತಹ ನೆರೆಹೊರೆಯಲ್ಲಿ ಯಂತ್ರದ ಅರಿವು ಶಾಲೆಯಿಲ್ಲದೆಯೂ ಹರಡಲು ಅನುಕೂಲವಿತ್ತು.

೩. ಕ್ಲಚ್ಚಿನ ಕಾಲ: ಚಾಲಕನ ಕಾಲೇ ಆರೋಪಿ

ಈ ಲಾರಿಗಳಲ್ಲಿ ಇದ್ದದ್ದು ಕೈಯಿಂದ ಹಾಕುವ ಗೇರು, ಕಾಲಿನಿಂದ ಒತ್ತುವ ಕ್ಲಚ್ಚು. ಎಂಜಿನಿನ ಫ್ಲೈವೀಲಿಗೂ ಸ್ಪ್ರಿಂಗುಗಳಿಂದ ಒತ್ತಲ್ಪಡುವ ಪ್ರೆಷರ್ ಪ್ಲೇಟಿಗೂ ನಡುವೆ, ಘರ್ಷಣೆಯ ಲೇಪವಿರುವ ಕ್ಲಚ್ ಪ್ಲೇಟು ಇರುತ್ತದೆ. ಸ್ಪ್ರಿಂಗು ಬಿಗಿಯಾಗಿ ಒತ್ತಿದಾಗ ಮೂರೂ ಒಂದಾಗಿ ತಿರುಗುತ್ತವೆ. ಪ್ಲೇಟು ಸವೆದರೆ, ಸ್ಪ್ರಿಂಗು ಸೋತರೆ, ಎಂಜಿನಿನ ಹಿಂದಿನ ಸೀಲಿನಿಂದ ಎಣ್ಣೆ ಸೋರಿ ಪ್ಲೇಟಿನ ಮೇಲೆ ಬಿದ್ದರೆ ಅಥವಾ ಪೆಡಲಿನಲ್ಲಿ ಇರಬೇಕಾದ ಸ್ವಲ್ಪ ಸಡಿಲ ಇಲ್ಲವಾದರೆ ಜಾರಿಕೆ ಉಂಟಾಗುತ್ತದೆ.

ಇದರ ಪರೀಕ್ಷೆ ಸರಳವಾದುದು. ಸಮತಟ್ಟಾದ ನೆಲದಲ್ಲಿ ಗಾಲಿಗಳಿಗೆ ಕಲ್ಲು ಕೊಟ್ಟು, ಕೈಬ್ರೇಕು ಎಳೆದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಡಬೇಕು. ಕ್ಲಚ್ಚು ಸರಿಯಾಗಿದ್ದರೆ ಎಂಜಿನು ಒಡನೆ ನಿಂತುಹೋಗುತ್ತದೆ. ತಿರುಗುತ್ತಲೇ ಇದ್ದರೆ ಜಾರುತ್ತಿದೆ ಎಂದರ್ಥ. ಇಲ್ಲಿ ಯಾವ ಉಪಕರಣವೂ ಬೇಡ. ಏರಿನಲ್ಲಿ ಬರುವ ಸುಟ್ಟ ವಾಸನೆ, ಎಂಜಿನಿನ ದನಿಗೂ ಗಾಡಿಯ ಓಟಕ್ಕೂ ತಪ್ಪುವ ತಾಳ, ಪೆಡಲು ಕಾಲಿಗೆ ಸಿಗುವ ಎತ್ತರ ಇವೇ ಸಾಕ್ಷಿಗಳು. ಮೂಗು, ಕಿವಿ, ಅಂಗಾಲು ಇವು ಮೂರೂ ಚಾಲಕನವೇ ಆದುದರಿಂದ ರೋಗವನ್ನು ಮೊದಲು ತಿಳಿಯುವವನೂ ಅವನೇ ಆಗಿದ್ದನು.

ಆದರೆ ಮೊದಲ ಆರೋಪಿಯೂ ಅವನೇ. ಕ್ಲಚ್ಚಿನ ಮೇಲೆ ಸದಾ ಕಾಲಿಟ್ಟು ಓಡಿಸುವುದು, ಏರಿನಲ್ಲಿ ‘ಹಾಫ್ ಕ್ಲಚ್’ ಕೊಟ್ಟು ಗಾಡಿಯನ್ನು ನಿಲ್ಲಿಸಿಕೊಳ್ಳುವುದು ಪ್ಲೇಟನ್ನು ಬೇಗ ಸವೆಸುತ್ತವೆ ಎಂಬುದು ನಿಜ. ಆದುದರಿಂದ ಕ್ಲಚ್ಚು ಸುಟ್ಟಿತೆಂದರೆ ಚಾಲಕನೇ ಸುಟ್ಟನೆಂದು ಹೇಳುವುದು ವಾಡಿಕೆಯಾಯಿತು. ಭಾರ ತುಂಬಿಸಿದವನು ಯಾರು, ಸೀಲು ಬದಲಾಯಿಸದೆ ಗಾಡಿಯನ್ನು ರಸ್ತೆಗೆ ಕಳುಹಿಸಿದವನು ಯಾರು ಎಂಬ ಪ್ರಶ್ನೆಗಳು ಹಿಂದೆ ಉಳಿದವು. ದೋಷವು ಕಾಲಿನ ಕೆಳಗೆ ಇದ್ದುದರಿಂದ ಹೊಣೆಯೂ ಕಾಲಿಗೇ ಅಂಟಿಕೊಂಡಿತು.

೪. ತಾನಾಗಿ ಬದಲಾಗುವ ಗೇರಿನ ಆಗಮನ

ಗೇರುಪೆಟ್ಟಿಗೆಯನ್ನು ಚಾಲಕನ ಕಾಲಿನಿಂದ ಬಿಡಿಸಿದ ಕಲ್ಪನೆ ರಸ್ತೆಯಲ್ಲಿ ಹುಟ್ಟಲಿಲ್ಲ, ಹಡಗಿನಲ್ಲಿ ಹುಟ್ಟಿತು. ಜರ್ಮನಿಯ ಹೆರ್ಮನ್ ಫೊಟ್ಟಿಂಗರ್ ೧೯೦೫ರಲ್ಲಿ, ದ್ರವದ ಮೂಲಕ ಬಲವನ್ನು ಸಾಗಿಸುವ ಸಾಧನಕ್ಕೆ ಹಕ್ಕುಪತ್ರ ಪಡೆದನು. ವೇಗವಾಗಿ ತಿರುಗುವ ಹಬೆಯ ಟರ್ಬೈನನ್ನು ಮೆಲ್ಲಗೆ ತಿರುಗಬೇಕಾದ ಹಡಗಿನ ಚಾಲಕಚಕ್ರಕ್ಕೆ ಹೊಂದಿಸುವುದು ಅವನ ಸಮಸ್ಯೆಯಾಗಿತ್ತು. ಇಂಗ್ಲೆಂಡಿನಲ್ಲಿ ಡೈಮ್ಲರ್ ಸಂಸ್ಥೆಯು ೧೯೩೦ರಲ್ಲಿ ದ್ರವಚಕ್ರವನ್ನು ವಿಲ್ಸನ್ ಗೇರುಪೆಟ್ಟಿಗೆಯೊಡನೆ ಜೋಡಿಸಿತು. ಈ ಜೋಡಣೆ ಅಲ್ಲಿಯ ಬಸ್ಸುಗಳಲ್ಲಿ ಬಹುಕಾಲ ಉಳಿಯಿತು. ಅಮೆರಿಕದಲ್ಲಿ ಜನರಲ್ ಮೋಟಾರ್ಸಿನ ‘ಹೈಡ್ರಮ್ಯಾಟಿಕ್’ ೧೯೪೦ರ ಮಾದರಿಯ ಕಾರುಗಳಲ್ಲಿ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಲಘು ಟ್ಯಾಂಕುಗಳಲ್ಲಿಯೂ ಬಳಕೆಯಾಯಿತು. ಅದೇ ಸಂಸ್ಥೆಯ ಅಲಿಸನ್ ವಿಭಾಗವು ಟ್ಯಾಂಕಿನ ಗೇರುಪೆಟ್ಟಿಗೆಯಿಂದ ಕಲಿತದ್ದನ್ನು ೧೯೫೦ರ ದಶಕದಲ್ಲಿ ಭಾರಲಾರಿಗಳಿಗೆ ತಂದಿತು.

ಇದರ ರಚನೆಯನ್ನು ಸ್ಥೂಲವಾಗಿ ತಿಳಿದುಕೊಳ್ಳದೆ ಮುಂದಿನ ವಿಷಯ ಸ್ಪಷ್ಟವಾಗದು. ಎಂಜಿನು ಒಂದು ಪಂಪುಚಕ್ರವನ್ನು ತಿರುಗಿಸುತ್ತದೆ. ಅದು ಎರಚಿದ ಎಣ್ಣೆಯು ಎದುರಿನ ಟರ್ಬೈನು ಚಕ್ರವನ್ನು ತಿರುಗಿಸುತ್ತದೆ. ನಡುವೆ ಇರುವ ಸ್ಟೇಟರ್ ಎಂಬ ಚಕ್ರವು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿರುಗಿಸಿ, ಗಾಡಿ ಹೊರಡುವಾಗ ತಿರುಚುಬಲವನ್ನು ಹೆಚ್ಚಿಸುತ್ತದೆ. ಇದೇ ಟಾರ್ಕ್ ಕನ್ವರ್ಟರು. ಇದರ ಹಿಂದೆ ಗ್ರಹಗತಿಯ ಗೇರುಗಳಿವೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನ ಕಟ್ಟುಗಳನ್ನು ಪಂಪಿನ ಒತ್ತಡದಿಂದ ಬಿಗಿದು, ಸಡಿಲಿಸಿ, ಒಂದೊಂದು ಗೇರನ್ನು ಪಡೆಯಲಾಗುತ್ತದೆ. ವೇಗ ಬಂದ ಮೇಲೆ ‘ಲಾಕಪ್’ ಕ್ಲಚ್ಚು ಪಂಪುಚಕ್ರವನ್ನೂ ಟರ್ಬೈನನ್ನೂ ಒಂದುಗೂಡಿಸುತ್ತದೆ. ಹೀಗೆ ಇಲ್ಲಿ ಎಣ್ಣೆ ಬರಿಯ ನುಣುಪಿಗಲ್ಲ. ಬಲವನ್ನು ಸಾಗಿಸುವುದು, ಕ್ಲಚ್ಚನ್ನು ಒತ್ತುವುದು, ಶಾಖವನ್ನು ಹೊರಗೊಯ್ಯುವುದು ಇವೂ ಅದರ ಕೆಲಸವೇ.

ಕರ್ನಾಟಕದಲ್ಲಿ ಈ ಯಂತ್ರವು ರಸ್ತೆಗೆ ಬರುವ ಮೊದಲು ಗಣಿಗೆ ಬಂದಿತು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ, ೧೯೮೪ರಿಂದ ಮೈಸೂರಿನಲ್ಲಿಯೂ ಘಟಕಗಳನ್ನು ಹೊಂದಿ, ಮಣ್ಣು ತೆಗೆಯುವ ಯಂತ್ರಗಳನ್ನೂ ಡಂಪರುಗಳನ್ನೂ ತಯಾರಿಸಿತು. ಗಣಿಯ ಗುಂಡಿಯಿಂದ ಪೂರ್ಣಭಾರದೊಡನೆ ಮೇಲೇರಿ, ಬರಿದಾಗಿ ಕೆಳಗಿಳಿದು, ದಿನವಿಡೀ ಅದೇ ದಾರಿಯನ್ನು ತುಳಿಯುವ ಡಂಪರಿಗೆ ಕಾಲಿನ ಕ್ಲಚ್ಚು ತಾಳದು. ಆದುದರಿಂದ ಅಲ್ಲಿ ಎಣ್ಣೆಯ ಒತ್ತಡದ ಗೇರು ಅನಿವಾರ್ಯವಾಯಿತು.

ನಗರದ ರಸ್ತೆಗೆ ಇದು ಬಂದದ್ದು ಬಸ್ಸಿನ ಮೂಲಕ. ೧೯೯೮ರಲ್ಲಿ ಹೊಸಕೋಟೆಯ ಬಳಿ ವೋಲ್ವೋ ಸಂಸ್ಥೆಯು ಲಾರಿಗಳ ತಯಾರಿಕೆಯನ್ನು ಆರಂಭಿಸಿತು. ೨೦೦೬ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಅದೇ ತಯಾರಕರ ತಗ್ಗುನೆಲದ ಬಸ್ಸುಗಳನ್ನು ಓಡಿಸತೊಡಗಿತು. ‘ವಜ್ರ’ ಎಂಬ ಹೆಸರಿನಿಂದ ಜನರಿಗೆ ಪರಿಚಿತವಾದ ಇವುಗಳಲ್ಲಿ ಗೇರು ತಾನಾಗಿ ಬದಲಾಗುತ್ತಿತ್ತು. ಬನಶಂಕರಿಯಿಂದ ಬಿ.ಟಿ.ಎಂ. ಬಡಾವಣೆ, ರೇಷ್ಮೆ ಮಂಡಳಿಯ ವೃತ್ತಗಳ ಮೂಲಕ ವೈಟ್‌ಫೀಲ್ಡಿನ ಕಡೆಗೆ ಸಾಗುವ ಹೊರವರ್ತುಲ ರಸ್ತೆಯ ದಾರಿಯನ್ನು ಬಲ್ಲವರಿಗೆ ಇದರ ಪ್ರಯೋಜನ ವಿವರಿಸಬೇಕಾಗಿಲ್ಲ. ಆದರೆ ಇಂತಹ ನಿಂತು ಹೊರಡುವ ಓಟದಲ್ಲಿಯೇ ಕನ್ವರ್ಟರಿನ ಎಣ್ಣೆ ಹೆಚ್ಚು ಕಾಯುತ್ತದೆ. ಲಾಕಪ್ ಕ್ಲಚ್ಚು ಹಿಡಿಯುವಷ್ಟು ವೇಗವೇ ಸಿಗುವುದಿಲ್ಲ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ೨೦೦೧ರಲ್ಲಿ ಹೊರಬಂದ ವೋಲ್ವೋದ ‘ಐ-ಷಿಫ್ಟ್’ ಮೊದಲಾದವು ಚಾಲಕನಿಗೆ ಸ್ವಯಂಚಾಲಿತವೆನಿಸಿದರೂ ಒಳಗೆ ಹಳೆಯ ಗೇರುಪೆಟ್ಟಿಗೆ ಮತ್ತು ಒಣ ಕ್ಲಚ್ಚನ್ನೇ ಉಳ್ಳವು. ಕಾಲಿನ ಕೆಲಸವನ್ನು ಗಾಳಿಯ ಒತ್ತಡ ಮತ್ತು ವಿದ್ಯುನ್ಮಾನ ಉಪಕರಣ ಮಾಡುತ್ತವೆ. ಅಲ್ಲಿ ಜಾರಿಕೆಯೆಂದರೆ ಹಳೆಯ ಅರ್ಥದ ಕ್ಲಚ್ಚಿನ ಜಾರಿಕೆಯೇ. ಎರಡನ್ನೂ ಒಂದೇ ಎಂದು ತಿಳಿದು ಪರೀಕ್ಷೆಗೆ ತೊಡಗಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

೫. ನಿದಾನದ ಕ್ರಮ

ನಮ್ಮ ವೈದ್ಯಶಾಸ್ತ್ರವು ರೋಗವನ್ನು ತಿಳಿಯಲು ಐದು ಉಪಾಯಗಳನ್ನು ಹೇಳುತ್ತದೆ: ನಿದಾನ ಅಥವಾ ಕಾರಣ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಲಕ್ಷಣವೊಂದನ್ನೇ ಕಂಡು ಔಷಧ ಕೊಡಬಾರದೆಂಬುದು ಇದರ ತಿರುಳು. ಭಾರವಾಹನದ ಗೇರುಪೆಟ್ಟಿಗೆಯ ವಿಷಯದಲ್ಲಿ ನುರಿತ ಮೇಸ್ತ್ರಿಯ ನಡೆಯೂ ಇದಕ್ಕೆ ಹತ್ತಿರವಾದುದು. ಗೇರುಪೆಟ್ಟಿಗೆಯನ್ನು ಇಳಿಸುವುದು ಕೊನೆಯ ಹೆಜ್ಜೆ. ಇಳಿಸಿ ಬಿಚ್ಚಿದ ಮೇಲೆ ಅನೇಕ ಸಾಕ್ಷ್ಯಗಳು ನಾಶವಾಗುತ್ತವೆ.

ಮೊದಲನೆಯದು ಎಣ್ಣೆಯ ಪರೀಕ್ಷೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ತಯಾರಕರು ಹೇಳಿದ ಶಾಖದಲ್ಲಿ, ಹೇಳಿದ ರೀತಿಯಲ್ಲಿ ಮಟ್ಟವನ್ನು ನೋಡಬೇಕು. ಮಟ್ಟ ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ಚುಗಳು ಜಾರುತ್ತವೆ. ಮಟ್ಟ ಹೆಚ್ಚಾದರೂ ಕೇಡೇ: ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಅನಂತರ ಬಣ್ಣ, ವಾಸನೆಗಳನ್ನು ನೋಡಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ಲೇಪ ಬೆಂದಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ತಂಪುಕಾರಕದಿಂದ ನೀರು ಸೇರಿದೆ. ಲೋಹದ ಚೂರುಗಳಿದ್ದರೆ ಬೇರಿಂಗು ಅಥವಾ ಗೇರು ಸವೆಯುತ್ತಿದೆ. ಇಷ್ಟನ್ನು ತಿಳಿಯಲು ಇಂದಿಗೂ ಕಣ್ಣು, ಮೂಗು, ಒಂದು ಬಿಳಿಯ ಬಟ್ಟೆ ಸಾಕು.

ಎರಡನೆಯದು ಪ್ರಶ್ನೆಗಳ ಪರೀಕ್ಷೆ. ಎಲ್ಲ ಗೇರುಗಳಲ್ಲಿಯೂ ಜಾರುತ್ತದೆಯೋ, ಒಂದೇ ಗೇರಿನಲ್ಲಿಯೋ? ಎಲ್ಲದರಲ್ಲಿಯೂ ಆದರೆ ಕಾರಣವು ಎಲ್ಲಕ್ಕೂ ಸಾಮಾನ್ಯವಾದ ಸ್ಥಳದಲ್ಲಿರಬೇಕು: ಎಣ್ಣೆ, ಶೋಧಕ, ಪಂಪು ಅಥವಾ ಮುಖ್ಯ ಒತ್ತಡದ ಕವಾಟ. ಒಂದೇ ಗೇರಿನಲ್ಲಿ ಆದರೆ ಆ ಗೇರಿನ ಕ್ಲಚ್ಚು ಕಟ್ಟು, ಅದರ ಸೀಲು, ಅದಕ್ಕೆ ಎಣ್ಣೆ ಬಿಡುವ ಕವಾಟ ಇವುಗಳ ಮೇಲೆ ಸಂಶಯಪಡಬೇಕು. ಕಾದ ಮೇಲೆ ಮಾತ್ರ ಜಾರಿದರೆ, ತೆಳುವಾದ ಎಣ್ಣೆ ಸವೆದ ಸೀಲುಗಳ ಪಕ್ಕದಿಂದ ಸೋರಿಹೋಗುತ್ತಿರಬಹುದು. ತಣ್ಣಗಿದ್ದಾಗ ಮಾತ್ರವಾದರೆ ಗಡುಸಾದ ಸೀಲುಗಳು ಕಾರಣವಾಗಿರಬಹುದು. ಮೇಲಿನ ವೇಗದಲ್ಲಿ ಎಂಜಿನಿನ ಸುತ್ತು ಸುಮ್ಮನೆ ಏರಿಳಿದರೆ ಲಾಕಪ್ ಕ್ಲಚ್ಚನ್ನು ನೋಡಬೇಕು. ಇವೆಲ್ಲಕ್ಕೂ ಉತ್ತರ ಕೊಡಬಲ್ಲವನು ಆ ಗಾಡಿಯನ್ನು ಓಡಿಸುವವನು. ಆರೋಪಿಯೆಂದು ಮೊದಲೇ ತೀರ್ಮಾನಿಸಿದವನು ನಿಜ ಹೇಳಲು ಹಿಂಜರಿಯುತ್ತಾನೆ. ಆಗ ಉತ್ತಮ ಸಾಕ್ಷಿಯೊಬ್ಬನು ಕೈತಪ್ಪುತ್ತಾನೆ.

ಮೂರನೆಯದು ‘ಸ್ಟಾಲ್’ ಪರೀಕ್ಷೆ. ಬ್ರೇಕುಗಳನ್ನು ಬಿಗಿದು, ಗಾಲಿಗಳಿಗೆ ತಡೆಯಿಟ್ಟು, ಗಾಡಿಯ ಮುಂದೆಯೂ ಹಿಂದೆಯೂ ಯಾರೂ ಇಲ್ಲದಂತೆ ನೋಡಿಕೊಂಡು, ಗೇರಿಗೆ ಹಾಕಿ ಎಂಜಿನನ್ನು ಪೂರ್ಣವಾಗಿ ಒತ್ತಬೇಕು. ಟರ್ಬೈನು ಕದಲದಿರುವುದರಿಂದ ಎಂಜಿನು ಒಂದು ನಿಯತ ಸುತ್ತಿಗಿಂತ ಮೇಲೇರಲಾರದು. ತಯಾರಕರು ಕೊಟ್ಟ ಅಂಕಿಗಿಂತ ಹೆಚ್ಚು ಏರಿದರೆ ಕ್ಲಚ್ಚು ಜಾರುತ್ತಿದೆ. ಕಡಿಮೆಯಾದರೆ ಗೇರುಪೆಟ್ಟಿಗೆ ತಪ್ಪಿತಸ್ಥನಲ್ಲದಿರಬಹುದು: ಎಂಜಿನಿಗೆ ಬಲವಿಲ್ಲ ಅಥವಾ ಕನ್ವರ್ಟರಿನ ಸ್ಟೇಟರು ತನ್ನ ಏಕಮುಖ ಹಿಡಿತವನ್ನು ಕಳೆದುಕೊಂಡಿದೆ. ಗಾಳಿಯ ಶೋಧಕ ಕಟ್ಟಿಕೊಂಡು, ಇಂಧನದ ಪಂಪು ಕೆಟ್ಟು, ಏರಿನಲ್ಲಿ ಸೋಲುವ ಲಾರಿಯನ್ನೂ ಗೇರು ಜಾರುವ ಲಾರಿಯೆಂದೇ ತಂದು ನಿಲ್ಲಿಸುವುದುಂಟು. ಈ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ. ಆದರೆ ಇದು ಅಪಾಯವಿಲ್ಲದ ಪರೀಕ್ಷೆಯಲ್ಲ. ಎಂಜಿನು ಕೊಡುವ ಬಲವೆಲ್ಲವೂ ಶಾಖವಾಗಿ ಎಣ್ಣೆಗೆ ಇಳಿಯುತ್ತದೆ. ಆದುದರಿಂದ ಕೆಲವೇ ಸೆಕೆಂಡುಗಳಲ್ಲಿ ಮುಗಿಸಿ, ಗೇರನ್ನು ಬಿಡಿಸಿ, ಎಂಜಿನನ್ನು ಓಡಿಸುತ್ತ ಎಣ್ಣೆಯನ್ನು ತಂಪುಗೊಳಿಸಬೇಕು. ತಯಾರಕರು ಬೇಡವೆಂದ ವಾಹನದಲ್ಲಿ ಮಾಡಲೇಬಾರದು.

ನಾಲ್ಕನೆಯದು ಅಳತೆ. ಒತ್ತಡದ ಮಾಪಕವನ್ನು ಜೋಡಿಸಿ ಮುಖ್ಯ ಒತ್ತಡವನ್ನೂ, ಸಾಧ್ಯವಿರುವಲ್ಲಿ ಒಂದೊಂದು ಕ್ಲಚ್ಚಿನ ಒತ್ತಡವನ್ನೂ ನೋಡುವುದು ಹಳೆಯ ಪದ್ಧತಿ. ಈಚಿನ ಗೇರುಪೆಟ್ಟಿಗೆಗಳಲ್ಲಿ ಒಳಬರುವ ಮತ್ತು ಹೊರಹೋಗುವ ಸುತ್ತುಗಳನ್ನು ಅಳೆಯುವ ಸಾಧನಗಳಿವೆ. ಗೇರಿನ ಪ್ರಮಾಣ ೨:೧ ಎಂದಿಟ್ಟುಕೊಳ್ಳೋಣ. ಒಳಗೆ ನಿಮಿಷಕ್ಕೆ ೨೦೦೦ ಸುತ್ತು ಬಂದರೆ ಹೊರಗೆ ೧೦೦೦ ಬರಬೇಕು. ೯೦೦ ಮಾತ್ರ ಬಂದರೆ ನೂರಕ್ಕೆ ಹತ್ತು ಜಾರಿಕೆ. ನಿಯಂತ್ರಕ ಪೆಟ್ಟಿಗೆಯು ಈ ವ್ಯತ್ಯಾಸವನ್ನು ಕಂಡು ಸಂಕೇತಾಂಕವೊಂದನ್ನು ದಾಖಲಿಸುತ್ತದೆ. ಹತ್ತು ಎಂಬುದು ಚಿಕ್ಕದಾಗಿ ತೋರಬಹುದು. ಆದರೆ ೧೫೦ ಕಿಲೋವ್ಯಾಟ್ ಬಲ ಸಾಗುತ್ತಿರುವಾಗ ನೂರಕ್ಕೆ ಹತ್ತು ಜಾರಿಕೆಯೆಂದರೆ ೧೫ ಕಿಲೋವ್ಯಾಟ್ ಶಾಖ. ಮನೆಯಲ್ಲಿ ನೀರು ಕಾಯಿಸುವ ೧.೫ ಕಿಲೋವ್ಯಾಟಿನ ಹತ್ತು ಸಲಾಕೆಗಳನ್ನು ಒಂದು ಕ್ಲಚ್ಚು ಕಟ್ಟಿನೊಳಗೆ ಇಟ್ಟಂತೆ. ಜಾರಿಕೆಯು ತನ್ನ ಶಾಖದಿಂದಲೇ ತನ್ನನ್ನು ಬೆಳೆಸಿಕೊಳ್ಳುವ ರೋಗವೆಂಬುದು ಇದರಿಂದ ತಿಳಿಯುತ್ತದೆ.

ಆದರೂ ಸಂಕೇತಾಂಕವು ತೀರ್ಪಲ್ಲ. ‘ಪ್ರಮಾಣ ತಪ್ಪಿದೆ’ ಎಂದು ಅದು ಹೇಳಬಲ್ಲದು. ಏಕೆ ತಪ್ಪಿತೆಂದು ಹೇಳಲಾರದು. ಅಳೆಯುವ ಸಾಧನವೇ ಕೆಟ್ಟಿದ್ದರೂ ಅದೇ ಅಂಕ ಬರಬಹುದು. ಶಾಸನದಲ್ಲಿ ಬರೆದಿದೆ ಎಂದ ಮಾತ್ರಕ್ಕೆ ಒಪ್ಪಿಕೊಳ್ಳದೆ ಲಿಪಿ, ಕಾಲ, ಸ್ಥಳಗಳನ್ನು ಪರೀಕ್ಷಿಸುವ ನಮ್ಮ ವಿದ್ಯಾರ್ಥಿಗಳಿಗೆ ಈ ಎಚ್ಚರಿಕೆ ಹೊಸದಲ್ಲ.

೬. ಪೆಟ್ಟಿಗೆಯ ಹೊರಗಿನ ಕಾರಣ: ಅತಿಭಾರ

ಸಂಪ್ರಾಪ್ತಿಯನ್ನು, ಎಂದರೆ ರೋಗವು ಹುಟ್ಟಿ ಬೆಳೆದ ಬಗೆಯನ್ನು, ಹುಡುಕುತ್ತ ಹೋದರೆ ನಾವು ಪೆಟ್ಟಿಗೆಯಿಂದ ಹೊರಬಂದು ತೂಕದ ಕಟ್ಟೆಯ ಮುಂದೆ ನಿಲ್ಲುತ್ತೇವೆ. ಒಟ್ಟು ೨೫ ಟನ್ ತೂಕದ ಲಾರಿಯೊಂದು ೧೫ಕ್ಕೆ ೧ರ ಏರನ್ನು ಗಂಟೆಗೆ ೨೦ ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು ೧೦೦ ಕಿಲೋವ್ಯಾಟ್ ಬಲ ಗಾಲಿಯಲ್ಲಿ ಬೇಕು. ತೂಕ ೩೫ ಟನ್ ಆದರೆ ಅದೇ ವೇಗಕ್ಕೆ ಸುಮಾರು ೧೪೦ ಕಿಲೋವ್ಯಾಟ್ ಬೇಕಾಗುತ್ತದೆ. ಅತಿಭಾರವು ಕ್ಲಚ್ಚನ್ನು ನೇರವಾಗಿ ಮುರಿಯುತ್ತದೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಆದರೆ ಎಂಜಿನು ತನ್ನ ಮಿತಿಗಿಂತ ಹೆಚ್ಚು ತಿರುಚುಬಲವನ್ನು ಕೊಡಲಾರದು. ಕೇಡು ಬರುವುದು ಕಾಲದ ಮೂಲಕ: ವೇಗ ಇಳಿಯುತ್ತದೆ, ಲಾಕಪ್ ಬಿಡುತ್ತದೆ, ಕನ್ವರ್ಟರು ಎಣ್ಣೆಯನ್ನು ಕಡೆಯುತ್ತ ನಿಮಿಷಗಟ್ಟಲೆ ಕಾಯುತ್ತದೆ, ಗೇರು ಮೇಲೆ ಕೆಳಗೆ ಪದೇಪದೇ ಬದಲಾಗುತ್ತದೆ. ಎಣ್ಣೆ ತೆಳುವಾಗಿ, ಸೀಲು ಗಡುಸಾಗಿ, ಒಂದು ದಿನ ಬರಿಯ ಗಾಡಿಯೂ ಜಾರತೊಡಗುತ್ತದೆ. ಆ ದಿನ ಗಾಡಿಯಲ್ಲಿದ್ದ ಭಾರವನ್ನು ಮಾತ್ರ ನೋಡಿದರೆ ಕಾರಣ ಸಿಗುವುದಿಲ್ಲ. ಅದರ ಹಿಂದಿನ ವರ್ಷಗಳ ಭಾರವನ್ನು ನೋಡಬೇಕು. ಇಲ್ಲಿ ನಿದಾನವೇ ಚರಿತ್ರೆಯಾಗುತ್ತದೆ.

ಕಾನೂನು ಇದನ್ನು ತಡೆಯಲು ಯತ್ನಿಸಿಲ್ಲವೆಂದಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯು ಮಿತಿಮೀರಿದ ಭಾರವನ್ನು ಅಪರಾಧವೆಂದು ಘೋಷಿಸಿ, ಹೆಚ್ಚಿನ ಭಾರವನ್ನು ಇಳಿಸಲು ಆಜ್ಞಾಪಿಸುವ ಅಧಿಕಾರವನ್ನೂ ಕೊಟ್ಟಿತು. ಆದರೂ ಕೆಲವು ರಾಜ್ಯಗಳಲ್ಲಿ ಮುಂಗಡವಾಗಿ ಹಣ ಕಟ್ಟಿಸಿಕೊಂಡು ಅತಿಭಾರಕ್ಕೆ ಅವಕಾಶ ಕೊಡುವ ‘ಚಿನ್ನದ ಕಾರ್ಡು’ಗಳ ಪದ್ಧತಿ ಬೆಳೆಯಿತು. ಪರಮ್‌ಜಿತ್ ಭಸೀನ್ ಮೊಕದ್ದಮೆಯಲ್ಲಿ ೨೦೦೫ರ ನವೆಂಬರ್ ೯ರಂದು ಸರ್ವೋಚ್ಚ ನ್ಯಾಯಾಲಯವು, ದಂಡ ಕಟ್ಟಿಸಿಕೊಂಡ ಮಾತ್ರಕ್ಕೆ ಹೆಚ್ಚಿನ ಭಾರವನ್ನು ಸಾಗಿಸಲು ಬಿಡುವಂತಿಲ್ಲವೆಂದು ತೀರ್ಮಾನಿಸಿತು. ೨೦೧೮ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಿತು. ೨೦೧೯ರ ತಿದ್ದುಪಡಿಯು ಅತಿಭಾರದ ದಂಡವನ್ನು ೨೦,೦೦೦ ರೂಪಾಯಿಗೂ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿಗೂ ಏರಿಸಿತು.

ನಮ್ಮ ರಾಜ್ಯದ ಅನುಭವವೂ ಇದಕ್ಕೆ ಹೊರತಲ್ಲ. ೨೦೦೦ದ ದಶಕದಲ್ಲಿ ಬಳ್ಳಾರಿಯ ಅದಿರು ಲಾರಿಗಳಲ್ಲಿ ಕರಾವಳಿಯ ಬಂದರುಗಳಿಗೆ ಇಳಿದ ಕಾಲದಲ್ಲಿ ಘಟ್ಟದ ರಸ್ತೆಗಳು ಪಟ್ಟ ಪಾಡು ಎಲ್ಲರಿಗೂ ತಿಳಿದುದೇ. ೨೦೧೦ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. ೨೦೧೧ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಲಾರಿಗಳಲ್ಲಿ ಬಹುಮಟ್ಟಿಗೆ ಇದ್ದದ್ದು ಹಳೆಯ ಕ್ಲಚ್ಚೇ. ಆದರೆ ಪಾಠ ಒಂದೇ: ರಸ್ತೆ, ಗಾಲಿ, ಕ್ಲಚ್ಚು ಈ ಮೂರೂ ಒಂದೇ ಲೋಭದ ಲೆಕ್ಕವನ್ನು ಬೇರೆಬೇರೆ ಪುಸ್ತಕಗಳಲ್ಲಿ ಬರೆದುಕೊಂಡಿವೆ. ಇಳಿಜಾರಿನಲ್ಲಿ ಹಿಡಿತ ತಪ್ಪಿದರೆ ಎಂಜಿನಿನ ತಡೆಯೂ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಗ ಜಾರಿಕೆಯು ಖರ್ಚಿನ ವಿಷಯವಾಗಿ ಉಳಿಯದೆ ಪ್ರಾಣದ ವಿಷಯವಾಗುತ್ತದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟಪಡುತ್ತವೆ. ಮೊದಲನೆಯದು ಹೊಣೆಯ ವಿಷಯ. ತಾನಾಗಿ ಬದಲಾಗುವ ಗೇರಿನಲ್ಲಿ ಕ್ಲಚ್ಚಿನ ಪೆಡಲೇ ಇಲ್ಲ. ಎಣ್ಣೆಯ ಮಟ್ಟ, ಶೋಧಕದ ಬದಲಾವಣೆ, ತಂಪುಕಾರಕದ ಸ್ವಚ್ಛತೆ, ತುಂಬಿದ ಭಾರ, ಹಿಡಿದ ದಾರಿ ಇವುಗಳಲ್ಲಿ ಬಹುಪಾಲು ಚಾಲಕನ ಅಧೀನದಲ್ಲಿಲ್ಲ. ಯಂತ್ರ ಬದಲಾಯಿತು, ಆದರೆ ಗೇರು ಜಾರಿದರೆ ಚಾಲಕನನ್ನು ದೂರುವ ಅಭ್ಯಾಸ ಬದಲಾಗಲಿಲ್ಲ. ಸರಿಯಾದ ನಿದಾನವು ಯಂತ್ರಕ್ಕೆ ಮಾತ್ರವಲ್ಲ, ಮನುಷ್ಯನಿಗೂ ನ್ಯಾಯ ಒದಗಿಸುವ ಸಾಧನವೆಂಬುದನ್ನು ಒಪ್ಪಬೇಕು.

ಎರಡನೆಯದು ಆಧಾರಗಳ ವಿಷಯ. ಕ್ಲಚ್ಚಿನ ಕಾಲದಲ್ಲಿ ಅರಿವು ಚಾಲಕನ ಮೈಯಲ್ಲಿಯೂ ಮೇಸ್ತ್ರಿಯ ಕೈಯಲ್ಲಿಯೂ ಇತ್ತು; ಇಂದು ಅದರ ಒಂದು ಪಾಲು ತಯಾರಕರ ಉಪಕರಣವಿಲ್ಲದೆ ಓದಲಾಗದ ನಿಯಂತ್ರಕ ಪೆಟ್ಟಿಗೆಯೊಳಗೆ ಸೇರಿದೆ. ಈಗ ವಿದ್ಯುತ್ ಬಸ್ಸುಗಳು ಬೆಂಗಳೂರಿನ ರಸ್ತೆಯಲ್ಲಿ ಓಡುತ್ತಿವೆ. ಇಂತಹ ವಾಹನಗಳಲ್ಲಿ ಹಲವು ಗೇರುಗಳ ಪೆಟ್ಟಿಗೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಹೀಗಿರಲು, ಈ ವಿದ್ಯೆಯನ್ನು ಬಲ್ಲ ತಲೆಮಾರು ಕೆಲಸದಿಂದ ನಿವೃತ್ತವಾಗುವ ಮುನ್ನ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಕಾರ್ಯಾಗಾರಗಳ ದುರಸ್ತಿ ಚೀಟಿಗಳು, ಲಾಗ್ ಪುಸ್ತಕಗಳು, ತೂಕದ ಕಟ್ಟೆಯ ರಸೀದಿಗಳು, ಬಿಡಿಭಾಗದ ಅಂಗಡಿಗಳ ಹಳೆಯ ಲೆಕ್ಕಪುಸ್ತಕಗಳು ರದ್ದಿಗೆ ಹೋಗುವ ಮುನ್ನ ಅವನ್ನು ಚರಿತ್ರೆಯ ಆಕರಗಳೆಂದು ಕಾಣಬೇಕು. ನಗರದ ಕಾಲೇಜುಗಳ ವಿದ್ಯಾರ್ಥಿಗಳು ದೂರದ ದಫ್ತರಖಾನೆಗಳಿಗೆ ಹೋಗಲಾಗದಿದ್ದರೂ, ಕಲಾಸಿಪಾಳ್ಯಕ್ಕೂ ಜಯಚಾಮರಾಜ ರಸ್ತೆಗೂ ನಡೆದುಹೋಗಿ ಈ ಕೆಲಸಕ್ಕೆ ತೊಡಗಬಹುದು. ಅಲ್ಲಿ ಅವರು ಕೇಳಬೇಕಾದ ಮೊದಲ ಪ್ರಶ್ನೆ, ಒಳ್ಳೆಯ ಮೇಸ್ತ್ರಿಯು ಕೇಳುವ ಪ್ರಶ್ನೆಯೇ: ಗಾಡಿ ಎಳೆಯದೆ ಹೋದದ್ದು ಯಾವಾಗಿನಿಂದ, ಅದಕ್ಕೆ ಮೊದಲು ಏನು ನಡೆದಿತ್ತು?